ಸಕ್ಕುಬಾಯಿ ಕಟ್ಟಿಸಿದ ಪಟಕಾ

ಮೂವತ್ತೊಂದು ವರ್ಷ ಊರವರ ಅರ್ಜಿ ಟೈಪು ಮಾಡಿ ಹೊಟ್ಟೆ ಹೊರೆದ ಅಪ್ಪಾಸಾಹೇಬರ ಒಂದು ಸಾಲನ್ನೂ ಯಾರೂ ಸಭೆಯಲ್ಲಿ ಗಟ್ಟಿಯಾಗಿ ಓದಿರಲಿಲ್ಲ. ಅರ್ಜಿಯೆಂಬುದು ಓದುವ ವಸ್ತುವಲ್ಲ, ಶಿಕ್ಕಾ ಹೊಡೆದು ಕಡತದೊಳಗೆ ಮಲಗಿಸುವ ವಸ್ತು ಎಂದೇ ಅವರ ತಿಳಿವಳಿಕೆ. ಹೀಗಾಗಿ ಮಾನವ ಹಕ್ಕು ಆಯೋಗದವರು ಪುಣೆಯಲ್ಲಿ ಎರಡು ದಿನದ ಕಲಾಪ ಇಟ್ಟುಕೊಂಡಾಗ, ಪೊಲೀಸರ ಪರವಾಗಿ ಬಂದಿದ್ದ ಫೌಜದಾರರು ಎದ್ದು ನಿಂತು, "ಅರ್ಜಿಯ ಕೊನೆಯ ಸಾಲು ಓದಲು ಅಪ್ಪಣೆಯಾಗಬೇಕು" ಎಂದದ್ದೇ ತಡ, ಮೂಲೆಯಲ್ಲಿ ನಿಂತಿದ್ದ ಅಪ್ಪಾಸಾಹೇಬರ ಎದೆ ಉಬ್ಬಿತು.

ಫೌಜದಾರರು ಓದಿದರು: "ಆಗಿರುವ ತಪ್ಪನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ತಮ್ಮ ನಮ್ರ ಸೇವಕಿ, ಸಕ್ಕುಬಾಯಿ." ಓದಿ ಕಾಗದ ಮಡಚಿದರು. "ಅರ್ಜಿ ಹಾಕಿದವಳೇ ಕ್ಷಮೆ ಕೇಳಿದ್ದಾಳೆ ಸಾಹೇಬರೆ. ಇನ್ನು ವಿಚಾರಣೆ ಯಾತಕ್ಕೆ?"

ಉಬ್ಬಿದ್ದ ಎದೆ ಬೆರಳು ಚುಚ್ಚಿದ ಪೂರಿಯಂತೆ ಕುಸಿಯಿತು. ಅಪ್ಪಾಸಾಹೇಬರ ಕಂಪ್ಯೂಟರಿನಲ್ಲಿ ಅರ್ಜಿಗಳಿಗೆ ಎರಡು ತಳ, ಅಂದರೆ ಕೊನೆಗೆ ಅಂಟಿಸುವ ಸಾಲುಗಳು, ತಯಾರಿರುತ್ತಿದ್ದವು. 'ನ್ಯಾಯ ದೊರಕಿಸಿಕೊಡಬೇಕು' ಎಂಬುದೊಂದು. 'ಕ್ಷಮಿಸಬೇಕು' ಎಂಬುದು ಇನ್ನೊಂದು. ಮೊದಲನೆಯದು ಜಾಗದ ತಂಟೆಗೆ, ನೀರಿನ ನಳಕ್ಕೆ, ದಾಯಾದಿಗಳಿಗೆ. ಎರಡನೆಯದು ತಡವಾಗಿ ಬಂದ ಕಾರಕೂನರಿಗೆ, ಸಸ್ಪೆಂಡ್ ಆದ ಬಸ್ ಕಂಡಕ್ಟರರಿಗೆ. ಎರಡನೆಯದೇ ಹೆಚ್ಚು ಖರ್ಚಾಗುತ್ತಿದ್ದ ಮಾಲು, ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಪೊಲೀಸರ ಮೇಲಿನ ದೂರಿಗೂ ಅದೇ ತಳ ಅಂಟಿಸಿ, ಪ್ರಿಂಟು ತೆಗೆದು, ಹೆಬ್ಬೆಟ್ಟು ಒತ್ತಿಸಿ, ಅಂಚೆಗೆ ಹಾಕಿದ್ದರು.

ಮೇಜಿನ ಆಚೆಗೆ ಕೂತಿದ್ದ ಆಯೋಗದ ಸದಸ್ಯರು ನಿವೃತ್ತ ನ್ಯಾಯಾಧೀಶರು. ಅವರು ಸಕ್ಕುಬಾಯಿಯ ಕಡೆ ನೋಡಿ ಮರಾಠಿಯಲ್ಲಿ, "ನೀವು ಕ್ಷಮೆ ಕೇಳಿದ್ದೀರಾ?" ಎಂದರು. ಅರ್ಜಿ ಬರೆದ ತಪ್ಪಿಗೆ ಆ ದಿನ ಭಾಷಾಂತರದ ಕೆಲಸವೂ ಅಪ್ಪಾಸಾಹೇಬರ ಕೊರಳಿಗೇ ಬಿದ್ದಿತ್ತು. ತೊಟ್ಟಿಲು ತೂಗುವ ದನಿಯಲ್ಲಿ ಪ್ರಶ್ನೆಯನ್ನು ಕನ್ನಡಕ್ಕೆ ಇಳಿಸಿದರು.

ಸಕ್ಕುಬಾಯಿ ಐವತ್ತರ ಹೆಂಗಸು. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸರಕಾರಿ ಕುರ್ಚಿಯ ಮೇಲೆ ಮಡಿಲಲ್ಲಿ ಮೊರ ಇಟ್ಟುಕೊಂಡವಳಂತೆ ಕೂತಿದ್ದಳು.

"ನನಗ ಬರಿಯಾಕ ಬರಂಗಿಲ್ರಿ" ಎಂದಳು. "ಬರದವರು ಇವರು. ಅಂದಮ್ಯಾಲ ಕ್ಷಮಾ ಕೇಳಿದವರೂ ಇವರ. ಏನ್ ತಪ್ಪು ಮಾಡ್ಯಾರೋ ನನಗ ಗೊತ್ತಿಲ್ಲ. ಬಡಪಾಯಿ ಅದಾರ, ಕ್ಷಮಾ ಮಾಡಿಬಿಡ್ರಿ. ಆಮ್ಯಾಲ ನಮ್ಮ ಮಾತು ತಗೀರಿ."

ಅಪ್ಪಾಸಾಹೇಬರು ಮರಾಠಿಯಲ್ಲಿ, "ಟೈಪಿನ ಸಣ್ಣ ದೋಷ ಆಗಿದೆ ಎನ್ನುತ್ತಾರೆ" ಎಂದರು.

"ಪೂರಾ ಹೇಳ್ರಿ ಅಣ್ಣಾರ" ಎಂದಳು ಸಕ್ಕುಬಾಯಿ. "ನನಗ ಮರಾಠಿ ತಿಳಿತದ. ಮೂವತ್ತು ವರ್ಸ ಆತು ಈ ಊರಿಗೆ ಬಂದು."

"ತಿಳಿತಿದ್ರ ನೀವ ಯಾಕ ಮಾತಾಡಂಗಿಲ್ರಿ?"

"ಮರಾಠಿ ಬಜಾರಕ್ಕ ಆಗ್ತದ. ಇದು ಮನಿ ಮಾತು."

ಹಾಗೆ ಅಪ್ಪಾಸಾಹೇಬರು ತಮ್ಮನ್ನು ತಾವೇ ಬಡಪಾಯಿ ಎಂದು ಮರಾಠಿಯಲ್ಲಿ ತುಂಬಿದ ಸಭೆಗೆ ತಿಳಿಸಬೇಕಾಯಿತು. ಸದಸ್ಯರು ಕನ್ನಡಕ ತೆಗೆದು ಒರೆಸಿದರು. "ಆಯೋಗವು ಭಾಷಾಂತರಕಾರರನ್ನು ಕ್ಷಮಿಸಿದೆ" ಎಂದು ದಾಖಲೆಗೆ ಹೇಳಿ, ದೂರನ್ನು ತಿದ್ದಿ ಕೊಡಬೇಕೆಂದೂ ಪೊಲೀಸರು ಉತ್ತರ ಕೊಡಬೇಕೆಂದೂ ಸಾಧ್ಯವಾದರೆ ಇಬ್ಬರೂ ಕೂತು ಒಪ್ಪಂದಕ್ಕೆ ಬರಬೇಕೆಂದೂ ನಾಲ್ಕು ವಾರದ ಗಡುವು ಕೊಟ್ಟರು.

ಆ ಸಂಜೆ ಸುದ್ದಿ ಕೇಳಿದ ಹೆಂಡತಿ ಶೈಲಶ್ರೀ ಚಹಾದ ಕಪ್ಪು ಕುಕ್ಕಿ, "ಮೂವತ್ತು ವರ್ಷದಾಗ ನನ್ನ ಹಂತ್ಯಾಕ ಒಂದ ಸಲ ಕ್ಷಮಾ ಕೇಳಿಲ್ಲ. ಊರ ಮಂದಿ ಪರವಾಗಿ ಪುಕ್ಕಟೆ ಕೇಳ್ಕೋತ ಅಡ್ಡಾಡ್ತೀರಿ" ಎಂದಳು. ಇದಕ್ಕೆ ಯಾವ ತಳ ಅಂಟಿಸಬೇಕೆಂದು ಅಪ್ಪಾಸಾಹೇಬರಿಗೆ ಹೊಳೆಯಲಿಲ್ಲ.

ಅಥಣಿ ಕಡೆಯಿಂದ ಬೆಲ್ಲದ ವ್ಯಾಪಾರಕ್ಕೆಂದು ಪುಣೆಗೆ ಬಂದು ನೆಲೆಸಿದ ಮನೆತನ ಅವರದು. ಅಜ್ಜ ಬೆಲ್ಲ ಮಾರಿದ, ಅಪ್ಪ ಬೆಲ್ಲದ ಪತ್ರವ್ಯವಹಾರ ನೋಡಿದ, ಇವರಿಗೆ ಪತ್ರವ್ಯವಹಾರವಷ್ಟೇ ಉಳಿಯಿತು. ಕೋರ್ಟಿನ ಹೊರಗೋಡೆಗೆ ಆತುಕೊಂಡ ತಗಡಿನ ಗೂಡಿನಲ್ಲಿ ಒಂದು ಕಂಪ್ಯೂಟರು, ಒಂದು ಝೆರಾಕ್ಸು, ಗಿರಾಕಿಗೆ ಒಂದು ಸ್ಟೂಲು. ಬಾಡಿಗೆ ಕರಾರು, ಹೆಸರು ಬದಲಾವಣೆ, ಜಾಮೀನಿನ ಕಾಗದ, ಇಷ್ಟರಲ್ಲೇ ಅವರ ಪ್ರಪಂಚ ಸುಖವಾಗಿತ್ತು. ಮಾನವ ಹಕ್ಕು ಎಂಬುದು ಡಿಸೆಂಬರಿನಲ್ಲಿ ಒಂದು ದಿನ ಶಾಲೆಯ ಮಕ್ಕಳು ಭಾಷಣ ಮಾಡುವ ವಿಷಯ ಎಂದುಕೊಂಡಿದ್ದರು.

ಸಕ್ಕುಬಾಯಿ ಮೊದಲ ಸಲ ಆ ಸ್ಟೂಲಿನ ಮೇಲೆ ಬಂದು ಕೂತದ್ದು ಮಾರ್ಚ್ ಕೊನೆಯ ಸೋಮವಾರ. ಕೂತವಳೇ, "ಪೊಲೀಸರ ಮ್ಯಾಲ ಒಂದು ತಕರಾರು ಬರೀಬೇಕ್ರಿ" ಎಂದಳು.

ಅಪ್ಪಾಸಾಹೇಬರು ಅನುಭವಸ್ಥರು. ಬೆರಳು ಕೀಲಿಗಳ ಮೇಲಿಟ್ಟು ಶುರುಮಾಡಿದರು. "ಯಾರನ್ನ ಹಿಡದಾರ?"

"ಭೀಮುನ ಅಪ್ಪನ್ನ." ಗಂಡನ ಹೆಸರು ಲಾಲಪ್ಪ ಎಂದು ತಿಳಿಯಲು ಆಧಾರ್ ಕಾರ್ಡು ನೋಡಬೇಕಾಯಿತು. ಹೆಸರು ಹೇಳುವವಳಲ್ಲ.

"ಹೊಡದಾರೇನ್ರಿ?"

"ಇಲ್ಲ."

"ಬೈದಾರ?"

"ಬೈದಿಲ್ಲ."

"ಊಟ?"

"ಎರಡೂ ಹೊತ್ತು ಕೊಟ್ಟಾರ. ಪಲ್ಯಾ ಚಲೋ ಇತ್ತಂತ."

ಅಪ್ಪಾಸಾಹೇಬರು ಕೀಲಿಗಳಿಂದ ಬೆರಳು ತೆಗೆದರು. "ಮತ್ತ ತಕರಾರು ಏನದ ಬಾಯಿ?"

"ಪಟಕಾ ಬಿಚ್ಚ್ಯಾರ."

ಇಷ್ಟು ಹೇಳಿ ತಲೆಯ ಸುತ್ತ ರುಮಾಲು ಸುತ್ತಿದಂತೆ ಬೆರಳು ತಿರುಗಿಸಿ ತೋರಿಸಿದಳು, ಉಳಿದದ್ದು ತಿಳಿದಂತೆಯೇ ಸರಿ ಎಂಬಂತೆ. ಅಪ್ಪಾಸಾಹೇಬರು ತಮಗಿರುವ ಎರಡೂ ತಳಗಳಲ್ಲಿ ಪಟಕಾ ಎಲ್ಲಿ ಹೊಂದೀತೆಂದು ಯೋಚಿಸಿದರು. ಹೊಂದಲಿಲ್ಲ. ಒಂದು ಚಹಾ ತರಿಸಿ ಇಡೀ ಕತೆ ಕೇಳಿದರು.

ಲಾಲಪ್ಪ ಯಾದಗಿರಿ ಸೀಮೆಯವನು. ಇಪ್ಪತ್ತೆರಡು ವರ್ಷದಿಂದ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಬಟಾಟಿ ವಿಭಾಗದಲ್ಲಿ ಹಮಾಲಿ. ಆ ತಿಂಗಳು ಒಂದು ಅಂಗಡಿಯಿಂದ ಬೆಳ್ಳುಳ್ಳಿಯ ಒಂಬತ್ತು ಚೀಲ ಮಾಯವಾಗಿದ್ದವು. ಕ್ಯಾಮೆರಾದಲ್ಲಿ ಕಂಡದ್ದು ಕೆಂಪು ಪಟಕಾದ ಒಬ್ಬ ಮನುಷ್ಯನ ಬೆನ್ನು. ಆ ವಿಭಾಗದಲ್ಲಿ ಕೆಂಪು ಪಟಕಾದ ಬೆನ್ನುಗಳು ಅರವತ್ತಕ್ಕೆ ಕಡಿಮೆ ಇರಲಿಲ್ಲ. ಪೊಲೀಸರಿಗೆ ಮೊದಲು ಸಿಕ್ಕದ್ದು ಲಾಲಪ್ಪನ ಬೆನ್ನು. ಮೂರನೆಯ ದಿನ ಪಂಚನಾಮೆಗೆಂದು ಅವನನ್ನು ಅಂಗಡಿಗೆ ಕರೆತರಬೇಕಿತ್ತು. ಜೀಪು ಗ್ಯಾರೇಜಿನಲ್ಲಿತ್ತು, ನಡೆದೇ ಹೊರಟರು. ಬೇಡಿ ಹಾಕಲು ಕೋರ್ಟಿನ ಅನುಮತಿ ಇರಲಿಲ್ಲ, ಹಗ್ಗ ಸಿಗಲಿಲ್ಲ. ಜೊತೆಗಿದ್ದ ಹವಾಲ್ದಾರ ಕೇದಾರ ಎಂಬಾತ ಲಾಲಪ್ಪನ ತಲೆಯ ಪಟಕಾ ಬಿಚ್ಚಿ, ಅದರಿಂದಲೇ ಅವನ ಎರಡೂ ಕೈ ಕಟ್ಟಿ, ಇನ್ನೊಂದು ತುದಿ ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡ. ಬೆಳಗಿನ ಹತ್ತೂವರೆ, ಲಿಲಾವು, ಅಂದರೆ ಹರಾಜು, ಮುಗಿಯುವ ಹೊತ್ತು. ಚೌಕಿಯಿಂದ ಅಂಗಡಿಯವರೆಗೆ ಇಡೀ ಯಾರ್ಡಿನ ನಡುವೆ ಮೆರವಣಿಗೆ. ಕೆಲವರು ನಕ್ಕರು. ಕೆಲವರು ಮೊಬೈಲು ಎತ್ತಿದರು. ಸಕ್ಕುಬಾಯಿ ಅಲ್ಲೇ ಉಳ್ಳಾಗಡ್ಡಿಯ ರಾಶಿಯ ಮುಂದೆ ಕೂತಿದ್ದಳು.

"ನನ್ನ ನೋಡಿದ್ರು" ಎಂದಳು. "ನೋಡಿ, ನೋಡಲಾರದಂಗ ಮಾಡಿದ್ರು."

ಹನ್ನೊಂದು ದಿನಕ್ಕೆ ಜಾಮೀನು ಸಿಕ್ಕಿತು. ಲಾಲಪ್ಪ ಕೊಂಢವಾ ಬಡಾವಣೆಯ ತಮ್ಮ ಕೋಣೆಗೆ ಬಂದು ಗೋಡೆಗೆ ಮುಖ ಮಾಡಿ ಕೂತವನು ಎದ್ದಿರಲಿಲ್ಲ. ಉಣ್ಣುತ್ತಿದ್ದ, ಮಲಗುತ್ತಿದ್ದ, ಕೋರ್ಟಿನ ತಾರೀಖಿಗೆ ಹೋಗುತ್ತಿದ್ದ. ತಲೆಯ ಮೇಲೆ ಮಾತ್ರ ಏನನ್ನೂ ಹಾಕುತ್ತಿರಲಿಲ್ಲ.

ಇದು ಅವನೊಬ್ಬನ ಹಟವಲ್ಲ, ಹಮಾಲರ ಟೋಳಿಯ ರಿವಾಜು. ಟೋಳಿಗೆ ಸೇರುವ ದಿನ ಟೋಳಿಯ ಮುಖ್ಯಸ್ಥನಾದ ಮುಕಾದಮ ಎಲ್ಲರ ಎದುರು ಹೊಸಬನಿಗೆ ಪಟಕಾ ಕಟ್ಟುತ್ತಾನೆ. ಮರುದಿನದಿಂದ ಅವನವನು ಕಟ್ಟಿಕೊಳ್ಳುತ್ತಾನೆ. ಜಗಳದಲ್ಲಿ ಒಬ್ಬ ಇನ್ನೊಬ್ಬನ ಪಟಕಾಕ್ಕೆ ಕೈ ಹಾಕಿ ಬಿಚ್ಚಿದರೆ, ಬಿಚ್ಚಿದವನೇ ನಾಲ್ಕು ಜನರ ಮುಂದೆ ಅದನ್ನು ಮತ್ತೆ ಕಟ್ಟಿಕೊಡಬೇಕು. ಅಲ್ಲಿಯವರೆಗೆ ಬಿಚ್ಚಿಸಿಕೊಂಡವನು ಚೀಲ ಮುಟ್ಟುವಂತಿಲ್ಲ. ಮುಕಾದಮ ಹುಲಿಗೆಪ್ಪನಿಗೆ ಲಾಲಪ್ಪನ ಮೇಲೆ ಪ್ರೀತಿಯಿತ್ತು, ಆದರೆ ಪೊಲೀಸನ ಕೈಯಿಂದ ಪಟಕಾ ಕಟ್ಟಿಸಿದ ಉದಾಹರಣೆ ಟೋಳಿಯ ನೆನಪಿನಲ್ಲಿ ಇರಲಿಲ್ಲ. "ಪಾಲ್ಖಿ ಸಾಸವಡ ಮುಟ್ಟೋತನಕ ಜಾಗಾ ಇಡ್ತೀನಿ ತಂಗಿ. ಮುಂದ ಬ್ಯಾರೆ ಮನಷಾನ್ನ ಹಚ್ಚಬೇಕಾಗ್ತದ" ಎಂದಿದ್ದ. ಆಷಾಢದ ಏಕಾದಶಿಗೆ ಪಂಢರಪುರ ಮುಟ್ಟುವ ಪಲ್ಲಕ್ಕಿ ಅದು, ಪುಣೆ ದಾಟುವುದು ಜೂನ್ ಹೊತ್ತಿಗೆ. ಅಂದರೆ ಹೆಚ್ಚೆಂದರೆ ಮೂರು ತಿಂಗಳು.

ಅಪ್ಪಾಸಾಹೇಬರು ಅರ್ಜಿ ಬರೆದುಕೊಟ್ಟು ಕೈತೊಳೆದುಕೊಂಡೆನೆಂದು ತಿಳಿದರು. ಮುಂದಿನ ಸೋಮವಾರ ಸಕ್ಕುಬಾಯಿ ಮತ್ತೆ ಸ್ಟೂಲಿನ ಮೇಲೆ ಇದ್ದಳು.

"ಏನ್ರಿ ಬಾಯಿ?"

"ನೀರ ಹಾಕಾಕ ಬಂದೀನಿ."

ಕುಡಿಯಲು ನೀರು ಬೇಕೆಂದುಕೊಂಡು ಅಪ್ಪಾಸಾಹೇಬರು ಬಾಟಲಿ ಮುಂದೆ ಚಾಚಿದರು. ಆಕೆ ಅದನ್ನು ಕುಡಿದು, ಬಾಯಿ ಒರೆಸಿಕೊಂಡು ವಿವರಿಸಿದಳು. ಪುಣೆಗೆ ಬಂದ ಮೊದಲ ಹದಿನೆಂಟು ವರ್ಷ ಆಕೆ ಕಟ್ಟಡದ ಕೆಲಸ ಮಾಡಿದವಳು. ಕೊಂಢವಾದಲ್ಲಿ ಇವತ್ತು ಮಂದಿ ಲಿಫ್ಟಿನಲ್ಲಿ ಹತ್ತುವ ಎಷ್ಟೋ ಮಹಡಿಗಳಿಗೆ ಆಕೆ ಉಸುಕು ಹೊತ್ತುಕೊಂಡು ಹತ್ತಿದ್ದಳು. ಆಕೆಗೆ ತಿಂಗಳು ವಾರಗಳಿಗಿಂತ ಸ್ಲ್ಯಾಬುಗಳ ಲೆಕ್ಕವೇ ಹೆಚ್ಚು ಗೊತ್ತು. ಮಗ ಭೀಮು ಹುಟ್ಟಿದ್ದು ಮೂರನೇ ಸ್ಲ್ಯಾಬ್ ಹಾಕಿದ ಮರುದಿನ, ಮದುವೆಯ ತಾಳಿ ಹರಿದು ಮತ್ತೆ ಪೋಣಿಸಿದ್ದು ಏಳನೆಯದಕ್ಕೆ.

"ಸ್ಲ್ಯಾಬ್ ಹಾಕಿದ್ ಮ್ಯಾಲ ಎಲ್ಲಾರೂ ಮನಿಗಿ ಹೋಗ್ತಾರ್ರಿ" ಎಂದಳು. "ಎಂಜಿನೇರ್ ಹೋಗ್ತಾನ, ಠೇಕೇದಾರ ಹೋಗ್ತಾನ. ನೀರ ಹಾಕಾಕಿ ಒಬ್ಬಾಕಿ ಇರ್ತಾಳ. ದಿನಾ ಹಾಕ್ಬೇಕು. ಬಿಟ್ರ ಬಿರಕ ಬಿಡ್ತದ. ಅರ್ಜಿನೂ ಹಂಗ. ಫೋನ್ ಹಚ್ರಿ ಆಯೋಗಕ್ಕ."

ಅಪ್ಪಾಸಾಹೇಬರು ಫೋನ್ ಹಚ್ಚಿದರು. ಅತ್ತಲಿನವರು ನಡುವೆ ಹಾಡು ಕೇಳಿಸಿದರು, ಬೇರೆ ನಂಬರು ಕೊಟ್ಟರು, ಇವರು ಬಿಟ್ಟುಬಿಡುತ್ತಿದ್ದರು, ಆದರೆ ಎದುರಿಗೆ ಸ್ಟೂಲಿನ ಮೇಲೆ ಸಕ್ಕುಬಾಯಿ. ಪ್ರತಿ ಸೋಮವಾರ ಹೀಗೇ. ಅಲ್ಲಿಂದೆದ್ದು ಆಕೆ ಪೊಲೀಸ್ ಚೌಕಿಗೆ ಹೋಗಿ, ಅಲ್ಲಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಯಾರೊಡನೆಯೂ ಒಂದು ಮಾತಾಡದೆ ಎದ್ದು ಬರುತ್ತಿದ್ದಳು. ಬೈಯುವ ಹೆಂಗಸರನ್ನು, ಅಳುವ ಹೆಂಗಸರನ್ನು ಚೌಕಿಯವರು ಕಂಡಿದ್ದರು. ಸುಮ್ಮನೆ ಕೂತೇಳುವವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಐದನೆಯ ವಾರ ಹವಾಲ್ದಾರ ಕೇದಾರನೇ ಚಹಾ ತಂದುಕೊಟ್ಟನಂತೆ.

"ಕುಡದ್ರಿ?" ಎಂದು ಅಪ್ಪಾಸಾಹೇಬರು ಕೇಳಿದ್ದರು.

"ಕುಡದೆ. ಸಕ್ಕರಿ ಕಮ್ಮಿ ಇತ್ತು."

ಮುಂದೆ ಕಲಾಪವೂ ಆಯಿತು, ಬಡಪಾಯಿಗೆ ಕ್ಷಮೆಯೂ ಸಿಕ್ಕಿತು. ಪೊಲೀಸರ ಲಿಖಿತ ಉತ್ತರವೂ ಬಂತು: ಜನಸಂದಣಿಯಲ್ಲಿ ದಾರಿ ತಪ್ಪಬಾರದೆಂದು ಆರೋಪಿಯು ತಾನಾಗಿ ಬಟ್ಟೆಯ ತುದಿಯನ್ನು ಹಿಡಿದುಕೊಂಡಿದ್ದನು. ಇದನ್ನು ಅಪ್ಪಾಸಾಹೇಬರು ಓದಿ ಹೇಳಿದಾಗ ಸಕ್ಕುಬಾಯಿ ನಗಲಿಲ್ಲ. "ಇಪ್ಪತ್ತೆರಡ ವರ್ಸ ಆ ದಾರ್ಯಾಗ ಅಡ್ಡಾಡ್ಯಾರ" ಎಂದಳು ಅಷ್ಟೆ.

ಜೂನಿನಲ್ಲಿ ಒಪ್ಪಂದದ ಸಭೆ. ಮೊದಲ ಮಳೆ ಬಿದ್ದು ಸಭಾಗೃಹದ ಕಿಟಕಿಗಳು ಮುಚ್ಚಿದ್ದವು. ಈ ಸಲ ಹವಾಲ್ದಾರ ಕೇದಾರನೂ ಬಂದಿದ್ದ. ಅಪ್ಪಾಸಾಹೇಬರು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ರಾಕ್ಷಸನಿಗೂ ಇವನಿಗೂ ತಾಳೆಯೇ ಇರಲಿಲ್ಲ. ಕುಳ್ಳು ಮನುಷ್ಯ, ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದು, ನಿವೃತ್ತಿಗೆ ಒಂದೇ ವರ್ಷ ಬಾಕಿ. ಫೌಜದಾರರ ಹಿಂದೆ, ತರಗತಿಯ ಕೊನೆಯ ಬೆಂಚಿನವನಂತೆ ಕೂತಿದ್ದ.

ಸದಸ್ಯರು ಮೊದಲೇ ಸ್ಪಷ್ಟ ಹೇಳಿದರು. ಕಳವಿನ ಕೇಸು ಕೋರ್ಟಿನಲ್ಲಿ ನಡೆಯುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆರೋಪ ಹೊತ್ತವನನ್ನು ಹೀಗೆ ಬಜಾರಿನಲ್ಲಿ ಎಳೆದೊಯ್ಯುವುದು ಕೂಡದು, ಇದು ಎಲ್ಲ ಚೌಕಿಗಳಿಗೂ ಲಿಖಿತವಾಗಿ ಹೋಗುತ್ತದೆ. ಪರಿಹಾರದ ಶಿಫಾರಸನ್ನು ಆಯೋಗ ಪ್ರತ್ಯೇಕ ಮಾಡುತ್ತದೆ. "ಇದಲ್ಲದೆ ನಿಮಗೆ ಏನು ಬೇಕು?"

"ಅದೆಲ್ಲಾ ನಿಮ್ಮ ಕೆಲಸ, ನೀವು ಚಂದಂಗಿ ಮಾಡ್ತೀರಿ" ಎಂದಳು ಸಕ್ಕುಬಾಯಿ. "ನನ್ನದು ಒಂದ. ಬಿಚ್ಚಿದವರು ಕಟ್ಲಿ. ಅಲ್ಲೇ, ಅದ ಹೊತ್ತಿಗಿ."

ಅಪ್ಪಾಸಾಹೇಬರು ಒಂದಕ್ಷರ ಬಿಡದೆ ಮರಾಠಿಗೆ ಇಳಿಸಿದರು. ಕಲಿತಿದ್ದರು. ಫೌಜದಾರರ ಮುಖ ಕೆಂಪೇರಿತು. ಸಮವಸ್ತ್ರದಲ್ಲಿರುವ ಪೊಲೀಸು ಆರೋಪಿಗೆ ಪಟಕಾ ಕಟ್ಟುವುದೆಂದರೆ ಇಲಾಖೆಯ ಮಾನ ಏನಾಗಬೇಕು? ನಾಳೆ ಆ ಲಾಲಪ್ಪನೇ ಕಳ್ಳ ಎಂದು ಸಾಬೀತಾದರೆ?

ಸಕ್ಕುಬಾಯಿ ಭಾಷಾಂತರಕ್ಕೂ ಕಾಯಲಿಲ್ಲ. "ಆದ್ರ ಜೇಲಿಗಿ ಹೋಗ್ತಾರ" ಎಂದಳು. "ಪಟಕಾ ಕಟ್ಕೊಂಡ ಹೋಗ್ತಾರ."

ಅಪ್ಪಾಸಾಹೇಬರು ಇದನ್ನು ಮರಾಠಿಗೆ ಇಳಿಸುವ ಮೊದಲು ಒಮ್ಮೆ ತಮಗೆ ತಾವೇ ಹೇಳಿಕೊಂಡರು. ಮೂವತ್ತೊಂದು ವರ್ಷ ಕೋರ್ಟಿನ ಗೋಡೆಗೆ ಬೆನ್ನು ಹಚ್ಚಿ ಕೂತವರು. ಒಳಗೆ ವಕೀಲರು ಗಂಟೆಗಟ್ಟಲೆ ವಾದಿಸಿದ್ದನ್ನು ಕಿಟಕಿಯಿಂದ ಕೇಳಿದ್ದರು, ಅಂಥ ವಾದಗಳ ಪ್ರತಿ ತೆಗೆದು ಪುಟದ ಲೆಕ್ಕದಲ್ಲಿ ಮಾರಿದ್ದರು. ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ದೊಡ್ಡ ವಿಷಯ ಕೂತದ್ದನ್ನು ಕಂಡಿರಲಿಲ್ಲ. ಆಮೇಲೆ ಅಷ್ಟೇ ಸಣ್ಣದಾಗಿ ಮರಾಠಿಯಲ್ಲಿ ಹೇಳಿದರು.

ಸದಸ್ಯರು ಫೌಜದಾರರಿಗೆ, "ಇದಕ್ಕೆ ಕಾನೂನಿನಲ್ಲಿ ಅಡ್ಡಿ ಇದೆಯೇ?" ಎಂದರು. ಫೌಜದಾರರು ಕಡತ ತಿರುವಿದರು. ಪಟಕಾದ ಬಗ್ಗೆ ಯಾವ ಕಾನೂನೂ ಬಾಯಿಬಿಟ್ಟಿರಲಿಲ್ಲ, ಬಿಚ್ಚುವುದಕ್ಕೂ ಇಲ್ಲ, ಕಟ್ಟುವುದಕ್ಕೂ ಇಲ್ಲ.

ಆಗ ಹಿಂದಿನಿಂದ ಕೇದಾರ ಎದ್ದು ನಿಂತ. ತಗ್ಗಿದ ದನಿಯಲ್ಲಿ, "ಸಾಹೇಬರೆ, ನನ್ನ ಅಡ್ಡಿ ಇಲ್ಲ. ಆದರೆ ನನಗೆ ಕಟ್ಟಲಿಕ್ಕೆ ಬರುವುದಿಲ್ಲ" ಎಂದ.

"ಬಿಚ್ಚಾಕ ಬಂದಿತ್ತಲ್ಲ" ಎಂದಳು ಸಕ್ಕುಬಾಯಿ. ಆಮೇಲೆ, ತೀರ ಕಟುವಾಯಿತೆನಿಸಿತೋ ಏನೋ, "ಇರ್ಲಿ. ಕಲಸ್ತೀನಿ" ಎಂದಳು.

ಒಪ್ಪಂದಪತ್ರ ಅಪ್ಪಾಸಾಹೇಬರೇ ಟೈಪು ಮಾಡಿದರು. ತಳ ಹೊಸದಾಗಿ, ಒಂದೊಂದೇ ಅಕ್ಷರ ಕುಟ್ಟಿ ಬರೆದರು. ಪಾಲ್ಖಿ ಆ ವಾರ ಪುಣೆಗೆ ಬರುವುದಿತ್ತು, ಎರಡು ದಿನ ಊರಲ್ಲಿ ತಂಗಿ ಸಾಸವಡದ ಘಾಟು ಹತ್ತುವುದಿತ್ತು. ಘಾಟು ಹತ್ತುವುದಕ್ಕೆ ಮುಂಚಿನ ದಿನ ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ ಗೊತ್ತಾಯಿತು. ಪಾಠಕ್ಕೆ ಉಳಿದದ್ದು ಎರಡೇ ದಿನ.

ಪಾಠ ನಡೆದದ್ದು ಟೈಪಿಂಗ್ ಗೂಡಿನಲ್ಲಿ. ಚೌಕಿಯಲ್ಲಿ ಕಲಿಯಲು ಕೇದಾರನಿಗೆ ನಾಚಿಕೆ, ಕೊಂಢವಾದ ಕೋಣೆಗೆ ಕರೆಯಲು ಸಕ್ಕುಬಾಯಿಗೆ ಮನಸ್ಸಿಲ್ಲ. ಕಲಿಯಲು ತಲೆಯೊಂದು ಬೇಕಲ್ಲ? ಇಬ್ಬರೂ ಅಪ್ಪಾಸಾಹೇಬರ ಕಡೆ ನೋಡಿದರು. ಅಪ್ಪಾಸಾಹೇಬರ ತಲೆ ಹಿಂದಿನಿಂದ ನೋಡಿದರಷ್ಟೇ ಕೂದಲಿರುವಂಥದ್ದು, ಬಟ್ಟೆ ನಿಲ್ಲದೆ ಜಾರುತ್ತಿತ್ತು. "ಇದರ ಮ್ಯಾಲ ನಿಂತ್ರ ಎಲ್ಲಿ ಬೇಕಾದ್ರೂ ನಿಲ್ತದ" ಎಂದು ಸಕ್ಕುಬಾಯಿ ಅದನ್ನೇ ಮೆಚ್ಚಿದಳು.

ಏಳು ಮೊಳದ ಬಟ್ಟೆ. ಒಂದು ತುದಿಯನ್ನು ಕಟ್ಟಿಸಿಕೊಳ್ಳುವವನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಹಾಗೆ ಭಾಷಾಂತರಕಾರರ ಬಾಯಿ ಮುಚ್ಚಿಹೋಯಿತು. ಗೂಡಿನ ಮುಂದೆ ನೋಟರಿಗಳು, ಸ್ಟ್ಯಾಂಪ್ ಪೇಪರಿನವರು ಗುಂಪು ಕೂಡಿದರು. ಒಬ್ಬ, "ಅಪ್ಪಾಸಾಹೇಬ, ಎರಡನೇ ಮದುವೆಯೇ?" ಎಂದು ಕೇಳಿದ. ಉತ್ತರ ಕೊಡಲು ಹಲ್ಲು ಬಿಡುವಂತಿರಲಿಲ್ಲ.

ಬಾಯಿ ಮುಚ್ಚಿದ್ದರಿಂದ ಕಿವಿ ತೆರೆಯಿತು. ಸಕ್ಕುಬಾಯಿ ಕನ್ನಡದಲ್ಲಿ, "ತಿರುವ್ರಿ, ಹಗ್ಗದಂಗ ತಿರುವ್ರಿ, ಎಳೀಬ್ಯಾಡ್ರಿ" ಎನ್ನುತ್ತಿದ್ದಳು. ಕೇದಾರ ಮರಾಠಿಯಲ್ಲಿ, "ಕಿವಿಯ ಮೇಲಿಂದಲೋ ಕೆಳಗಿನಿಂದಲೋ?" ಎನ್ನುತ್ತಿದ್ದ. ಇಬ್ಬರಿಗೂ ಇಬ್ಬರ ಮಾತೂ ತಿಳಿಯುತ್ತಿತ್ತು. ಇಷ್ಟು ದಿನ ತಮ್ಮಿಂದಲೇ ಎಲ್ಲ ನಡೆದಿದೆ ಎಂದುಕೊಂಡಿದ್ದ ಅಪ್ಪಾಸಾಹೇಬರು ಬಟ್ಟೆ ಕಚ್ಚಿಕೊಂಡು ಈ ಸಂಗತಿಯನ್ನು ನುಂಗಿದರು.

ನಾಲ್ಕನೆಯ ಸುತ್ತಿಗೆ ಕೇದಾರ ಹೇಳಿದ: "ನಮ್ಮಪ್ಪ ಪಂಢರಪುರದ ವಾರಿಗೆ ನಡೆದು ಹೋಗುತ್ತಿದ್ದರು. ಬಿಳಿ ಪಟಕಾ. ಅವರಿಂದ ಕಲಿಯಲಿಲ್ಲ. ಮಗನ ಮದುವೆಗೆ ಕಟ್ಟುವವನನ್ನು ಬಾಡಿಗೆಗೆ ಕರೆಸಿದೆ." ಬಟ್ಟೆಯ ಮಡಿಕೆ ಬಿಡಿಸುತ್ತ, "ಆವತ್ತು ಹಗ್ಗ ಸಿಗಲಿಲ್ಲ ಬಾಯಿ. ಕೈಗೆ ಬಂದದ್ದು ಬಿಚ್ಚಿದೆ. ಬಟ್ಟೆ ಎಂದುಕೊಂಡೆ" ಎಂದ.

"ಬಟ್ಟಿನ ಅದು" ಎಂದಳು ಸಕ್ಕುಬಾಯಿ. "ತಲಿ ಮ್ಯಾಲ ಇದ್ದಾಗಷ್ಟ ಪಟಕಾ. ಬಿಚ್ರಿ, ಮತ್ತೊಮ್ಮೆ ಕಟ್ರಿ."

ಆ ದಿನ ಹನ್ನೆರಡು ಸಲ, ಮರುದಿನ ಹತ್ತೊಂಬತ್ತು ಸಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪಾಸಾಹೇಬರ ಹಲ್ಲಿನ ಸಂದಿಯಿಂದ ಕೆಂಪು ನೂಲು ಹೊರಬಂತು. ಶೈಲಶ್ರೀ ನೋಡಿದಳು. ಒಂದು ಚಮಚ ತುಪ್ಪ ಹೆಚ್ಚು ಹಾಕಿದಳು.

ಮುಹೂರ್ತದ ದಿನ ಹತ್ತಕ್ಕೇ ಅಪ್ಪಾಸಾಹೇಬರು ಆಯೋಗಕ್ಕೆ ಕಳಿಸಬೇಕಾದ ವರದಿಯ ಫಾರ್ಮು ಹಿಡಿದು ಯಾರ್ಡಿನಲ್ಲಿದ್ದರು. ಕೇದಾರ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬೆವರುತ್ತಿದ್ದ. ಲಿಲಾವಿನವನು ರಾಶಿಯಿಂದ ರಾಶಿಗೆ ಕೂಗುತ್ತ ಸಾಗಿದ್ದ. ಹುಲಿಗೆಪ್ಪ ಟೋಳಿಯವರೊಂದಿಗೆ ಬದಿಗೆ ನಿಂತಿದ್ದ. ಸಕ್ಕುಬಾಯಿ ಶೇರ್ ರಿಕ್ಷಾದಿಂದ ಇಳಿದಳು. ಒಬ್ಬಳೇ.

ಅಪ್ಪಾಸಾಹೇಬರು ರಿಕ್ಷಾದೊಳಗೆ ಬಗ್ಗಿ ನೋಡಿದರು. "ಲಾಲಪ್ಪ ಎಲ್ಲಿ?"

"ಬರ್ತಾರ."

"ಕರದು ಬಂದೀರಿಲ್ಲ?"

"ಕರದ್ರ ಬರಂಗಿಲ್ಲ." ಮಡಚಿದ ಕೆಂಪು ಬಟ್ಟೆಯನ್ನು ತೋರಿಸಿದಳು. "ಗೂಟದ ಮ್ಯಾಲಿಂದ ಇದನ್ನ ತಗೊಂಡ್ ಬಂದೀನಿ. ಮೂರ ತಿಂಗಳಾತು ಇದನ್ನ ನೋಡ್ಕೋತ ಕುಂತಿದ್ರು. ಈಗ ಗೋಡಿ ಮ್ಯಾಲ ನೋಡಾಕ ಏನೂ ಇಲ್ಲ."

ಹತ್ತೂವರೆ ಆಯಿತು. ಹತ್ತು ನಲವತ್ತು ಆಯಿತು. ಹುಲಿಗೆಪ್ಪ ನೆಲ ನೋಡಿದ. ಕೇದಾರ ಗಡಿಯಾರ ನೋಡಿದ. ಅಪ್ಪಾಸಾಹೇಬರು ಎಂದೂ ಯಾವ ಗಿರಾಕಿಗಾಗಿಯೂ ದೇವರನ್ನು ನೆನೆದವರಲ್ಲ. ಪಾಲ್ಖಿ ಊರಲ್ಲೇ ಇದೆ, ಕೇಳಿಸಿದರೆ ಕೇಳಿಸಲಿ ಎಂದು ಆ ಹೊತ್ತು ನೆನೆದರು. ಸಕ್ಕುಬಾಯಿ ಮಾತ್ರ ಕೊಳೆತ ಉಳ್ಳಾಗಡ್ಡಿಯೊಂದನ್ನು ಕಾಲಿನಿಂದ ಬದಿಗೆ ಸರಿಸುತ್ತ ನಿಂತಿದ್ದಳು.

ಆಗ ಚೌಕಿಯ ದಿಕ್ಕಿನಲ್ಲಿ ಗದ್ದಲ ನಿಂತಿತು. ಮೊದಲು ಅಲ್ಲಿ ನಿಂತಿತು, ಆಮೇಲೆ ಇತ್ತ ಇತ್ತ ನಿಲ್ಲುತ್ತ ಬಂತು. ಲಾಲಪ್ಪ ಕೊಂಢವಾದಿಂದ ನೆಟ್ಟಗೆ ಇಲ್ಲಿಗೆ ಬಂದಿರಲಿಲ್ಲ. ಚೌಕಿಯ ಬಾಗಿಲಲ್ಲಿ ಇಳಿದು, ಆವತ್ತು ಅವನನ್ನು ಎಳೆದು ತಂದ ದಾರಿಯಲ್ಲೇ, ಅದೇ ಅಂಗಡಿಗಳ ಮುಂದೆ, ಬರಿಯ ತಲೆಯಲ್ಲಿ ಒಬ್ಬನೇ ನಡೆದು ಬರುತ್ತಿದ್ದ. ಹಾಗೆ ಬಾ ಎಂದು ಯಾರೂ ಹೇಳಿರಲಿಲ್ಲ. ಒಪ್ಪಂದದಲ್ಲೂ ಇರಲಿಲ್ಲ. ಕೈಗಾಡಿಯವರು ಗಾಡಿ ಸರಿಸಿದರು. ಚೀಲ ಹೊತ್ತವರು ಚೀಲ ಸಮೇತ ನಿಂತರು. ಲಿಲಾವಿನವನು ಬೆಲೆ ಅರ್ಧಕ್ಕೆ ಬಿಟ್ಟು ಬಾಯಿ ಮುಚ್ಚಿದ. ಒಂದು ಮೊಬೈಲೂ ಮೇಲೇಳಲಿಲ್ಲ. ಅಷ್ಟು ಎತ್ತರದ ಮನುಷ್ಯ ಎಂದು ಅಪ್ಪಾಸಾಹೇಬರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೋರ್ಟಿನ ತಾರೀಖಿಗೆ ಬಂದಾಗ ಅವನು ಬೆಂಚಿನ ಮೇಲೆ ಕೂತದ್ದನ್ನಷ್ಟೇ ಕಂಡಿದ್ದರು.

ಲಾಲಪ್ಪ ಕೇದಾರನ ಎದುರು ಬಂದು ನಿಂತ. ಕೇದಾರನ ಕೈ ಅವನ ಭುಜಕ್ಕೆ ಮುಟ್ಟುವಷ್ಟಿತ್ತು. ಹಮಾಲನ ರೂಢಿ, ಹೊರೆ ಇಳಿಸಿಕೊಳ್ಳುವವನಂತೆ ಲಾಲಪ್ಪ ತಾನಾಗಿ ತಲೆ ಬಗ್ಗಿಸಲು ಹೋದ.

"ಬಗ್ಗಬ್ಯಾಡ್ರಿ" ಎಂದಳು ಸಕ್ಕುಬಾಯಿ. "ಅವರು ಹತ್ಲಿ."

ಟೊಮೆಟೊದ ಖಾಲಿ ಕ್ರೇಟೊಂದು ಬಂತು. ಸಮವಸ್ತ್ರದ ಹವಾಲ್ದಾರ ಅದರ ಮೇಲೆ ಹತ್ತಿ ನಿಂತ. ಲಾಲಪ್ಪ ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ. ಕೇದಾರನ ಮೊದಲ ಸುತ್ತು ತಪ್ಪಿತು. ಅಪ್ಪಾಸಾಹೇಬರಿಗೆ ತಮ್ಮ ತಲೆಯಲ್ಲೇ ಬಟ್ಟೆ ಜಾರಿದಂತಾಯಿತು. ಬಿಚ್ಚಿ ಮತ್ತೆ ಶುರು. ತಿರುವಿದ, ಸುತ್ತಿದ, ಕಿವಿಯ ಮೇಲಿಂದ ಎಳೆಯದೆ ತಂದ, ಮತ್ತೊಂದು ಸುತ್ತು, ಕೊನೆಯ ಚುಂಗನ್ನು ಒಳಗೆ ಸಿಕ್ಕಿಸಿದ. ಕೆಳಗಿಳಿದು ಎದೆಗೆ ಕೈ ಹಚ್ಚಿಕೊಂಡು ನಿಂತ. ಲಾಲಪ್ಪ ಅವನನ್ನು ನೆಟ್ಟಗೆ ನೋಡಿದ. ಮಾರ್ಚಿನಿಂದ ಅವನು ಯಾರನ್ನಾದರೂ ಹಾಗೆ ನೋಡಿದ್ದು ಅದೇ ಮೊದಲು.

ಹುಲಿಗೆಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಲಾಲ್ಯಾ, ಆ ಲಾರಿ ಖಾಲಿ ಮಾಡೂದದ. ಮೂರ ತಿಂಗಳು ಕುಂತು ತಿಂದಿ, ಸಾಕು" ಎಂದ. ಟೋಳಿಯವರು ನಕ್ಕರು. ಲಾಲಪ್ಪ ಲಾರಿಯ ಕಡೆ ನಡೆದು, ಬೆನ್ನು ಕೊಟ್ಟು, ಮೊದಲ ಚೀಲ ಹೊತ್ತುಕೊಂಡ. ಲಿಲಾವಿನವನು ಬಿಟ್ಟ ಬೆಲೆಯನ್ನು ಹುಡುಕಿ ಹಿಡಿದ.

ಅಪ್ಪಾಸಾಹೇಬರು ವರದಿಯ ಫಾರ್ಮು ಬಿಡಿಸಿದರು. ಕಣ್ಣು ಮಂಜಾಗಿದ್ದರಿಂದ ಫಾರ್ಮಿನ ಅಕ್ಷರ ಕಾಣುತ್ತಿರಲಿಲ್ಲ. ಕನ್ನಡಕ ಒರೆಸಿ ಓದಿದರು. ಕೊನೆಯ ಕಾಲಮು ತುಂಬುವುದಿತ್ತು. ಈ ಹೆಂಗಸಿನ ಎದುರು ಅದನ್ನು ಕೇಳುವುದೇ ದೊಡ್ಡ ಧೈರ್ಯ ಎನಿಸಿ, ಎರಡೂ ಕೈಯಲ್ಲಿ ಕಾಗದ ಹಿಡಿದು ಕೇಳಿದರು.

"ಸಕ್ಕುಬಾಯಿ, ಆಯೋಗದವರು ಕೇಳ್ಯಾರ್ರಿ. ಒಪ್ಪಂದದ ಪ್ರಕಾರ ಎಲ್ಲಾ ಆತು. ಅರ್ಜಿದಾರರಿಗೆ ಸಮಾಧಾನ ಆಗೇದೋ ಇಲ್ಲೋ?"

ಸಕ್ಕುಬಾಯಿ ಚೀಲ ಹೊತ್ತು ಹೋಗುತ್ತಿದ್ದ ಗಂಡನ ತಲೆಯ ಮೇಲಿನ ಪಟಕಾವನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಎಡಕ್ಕ ವಾಲೇದ" ಎಂದಳು. "ಅಷ್ಟ ಬರಕೊಳ್ರಿ."